ಅಲಿ ಕುಂಞಿಯ ಮೂಗು
ಸಂಪಾಜೆಯ ಅಲಿ ಕುಂಞಿಯವರದ್ದು ರಬ್ಬರ್ ಸ್ಕ್ರ್ಯಾಪ್ ವ್ಯಾಪಾರ. ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯಲ್ಲಿ ಹೆಪ್ಪುಗಟ್ಟಿ ಕೊಳೆತ ರಬ್ಬರ್ ಹಾಲನ್ನು ಒಮ್ಮೆ ಮೂಸಿದರೆ ಸಾಕು, ಎಷ್ಟು ದಿನದ ಮಾಲು ಎಂದು ಹೇಳಿಬಿಡುತ್ತಾರೆ. ಆ ನಾತ ಅವರ ಮೈಗೂ ಹತ್ತಿದೆ. ಬಸ್ಸು ತುಂಬಿ ಜನ ಬಾಗಿಲಲ್ಲಿ ನೇತಾಡುತ್ತಿದ್ದರೂ ಅವರ ಪಕ್ಕದ ಸೀಟು ಮಾತ್ರ ಖಾಲಿ. ಅದನ್ನು ಅವರು ಮರ್ಯಾದೆ ಎಂದೇ ತಿಳಿದಿದ್ದಾರೆ.

ಮಗಳು ಆಯಿಶತ್ ಶಿಫಾ, ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಓದುತ್ತಾಳೆ. ಬ್ಯಾಕ್ಟೀರಿಯಾದೊಳಗೆ ಹೊಸ ಕಿಣ್ವವೊಂದು ಹುಟ್ಟುವಂತೆ ಮಾಡಿ, ಅದರಿಂದ ಬಾಳೆಹಣ್ಣಿನ ಪರಿಮಳ ಬರಿಸಿದ್ದಳು. ಪ್ರದರ್ಶನಕ್ಕೆ ಅಪ್ಪನನ್ನೂ ಕರೆದಳು. "ಮಗಳ ಮಾನ ತೆಗಿಬೇಡಿ" ಎಂದು ಹೆಂಡತಿ ನೆಬೀಸ ಅವರನ್ನು ಎರಡೆರಡು ಸಲ ಸ್ನಾನಕ್ಕೆ ಅಟ್ಟಿ, ಅಂಗಿಗೆ ಧಾರಾಳವಾಗಿ ಅತ್ತರು ಪೂಸಿ ಕಳಿಸಿದರು.

ಲ್ಯಾಬಿನಲ್ಲಿ ಎಲ್ಲರೂ ಹತ್ತಿ ತುರುಕಿದ ಸೀಸೆಯನ್ನು ಮೂಸಿ "ಆಹಾ!" ಎಂದರು. ಅಲಿ ಕುಂಞಿ ಕಣ್ಣು ಮುಚ್ಚಿ ಎರಡು ಸಲ ಮೂಸಿದರು.

"ಬಾಳೆಹಣ್ಣು ಉಂಟು, ಸರಿ. ಆದ್ರೆ ಅದರ ಅಡಿಯಲ್ಲಿ ಕಕ್ಕಸಿನ ನಾತವೂ ಉಂಟಲ್ಲ ಮಾರಾಯ್ರೆ!"

ಶಿಫಾಳ ಮುಖ ಕೆಂಪಾಯಿತು. ಎಲ್ಲರೂ ನಕ್ಕರು, ಲೆಕ್ಚರರ್ ಮಾತ್ರ ನಗಲಿಲ್ಲ. ಆ ಬ್ಯಾಕ್ಟೀರಿಯಾದ ಹುಟ್ಟುವಾಸನೆ ಅದೇ. ತಿಂಗಳುಗಟ್ಟಲೆ ಮೂಸಿ ಮೂಸಿ ಅವರ ಮೂಗಿಗೆ ಅದು ಹತ್ತುತ್ತಲೇ ಇರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಅವರು ಕೇಳಿದರು.

"ಅದಕ್ಕೆ ಓದುದೆಂತ ಸರ್?" ಎನ್ನುತ್ತಾ ಅಲಿ ಕುಂಞಿ ತಮ್ಮ ಅಂಗಿಯ ತೋಳನ್ನು ಅವರ ಮೂಗಿನ ಹತ್ತಿರ ಹಿಡಿದರು. "ನನ್ನನ್ನೂ ಇವತ್ತು ಹೆಂಡತಿ ಹೀಗೇ ಮಾಡಿ ಕಳಿಸಿದ್ದಾಳೆ, ಮೂಸಿ ನೋಡಿ."