ಸೊನ್ನೆ ಬರೆಯುತ್ತಿದ್ದ ಗುಮಾಸ್ತರು

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಸಾಸಲಿನಲ್ಲಿ ಮೇಷ್ಟರಾಗಿದ್ದೆ. ಶಾಲೆಯ ಪಕ್ಕದ ಅಂಗಳದಲ್ಲಿ ಮಳೆ ಅಳೆಯುವ ಮಾಪಕವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರು ದಿನಾ ಬೆಳಿಗ್ಗೆ ಎಂಟೂವರೆಗೆ ಚಪ್ಪಲಿ ಬಿಟ್ಟು ಬೇಲಿಯೊಳಗೆ ಹೋಗುತ್ತಿದ್ದರು. ಮಾಪಕದ ಹಿತ್ತಾಳೆ ಬಾಯನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದರು. ಹನಿ ಬೀಳದ ದಿನವೂ ಒಳಗಿನ ಬಾಟಲಿಯನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿಯೇ ಪುಸ್ತಕದಲ್ಲಿ ಸೊನ್ನೆ ಬರೆಯುತ್ತಿದ್ದರು.

ನಾನು ನಕ್ಕಾಗಲೆಲ್ಲ ಅವರದು ಒಂದೇ ಮಾತು: "ನಮ್ಮ ಮಳೆ ಇಲ್ಲಿ ಹುಟ್ಟಲ್ಲ ಮೇಷ್ಟ್ರೇ. ಸಮುದ್ರದಾಚೆ ಗಾಳಿ ತಿರುಗಿದ್ರೆ ಇಲ್ಲಿಗೆ ಬರುತ್ತೆ. ಹವಾಮಾನದ ಆಫೀಸಲ್ಲಿ ಕೂತು ತಿಂಗಳು ತಿಂಗಳು ಲೋಕದ ಗಾಳಿನೆಲ್ಲ ನಕ್ಷೆಗೆ ಇಳಿಸೋರಿಗೆ ನಮ್ಮ ಸೊನ್ನೆನೂ ಬೇಕು."

ಒಂದು ವರ್ಷ ಆಷಾಢವಿಡೀ ಬರಿಯ ಗಾಳಿ ಬೀಸಿತು. ಒಂದು ಬೆಳಿಗ್ಗೆ ನೋಡಿದರೆ ಅಂಗಳದ ಮಣ್ಣು ಒಣಗಿಯೇ ಇತ್ತು, ಬಾಟಲಿ ಮಾತ್ರ ತುಂಬಿತ್ತು. ಹಿತ್ತಾಳೆ ಬಾಯಿಗೆ ಕುಂಕುಮ ಹಚ್ಚಿತ್ತು. ಬೇಲಿಯಾಚೆ ಚೊಂಬು ಹಿಡಿದು ನಿಂತಿದ್ದ ಮುದುಕಿ ಅಂದಳು:

"ನಾನೇ ಹುಯ್ದೆ ಕಣಪ್ಪಾ. ಮಳೆ ಬಂತು ಅಂತ ಬರ್ಕೋ. ಅದನ್ನ ನೋಡಿಯಾದ್ರೂ ಈ ಕಡೆ ಮೋಡ ಬರಲಿ."

ಗುಮಾಸ್ತರು ಗದರಲಿಲ್ಲ. "ಹಂಗೆ ಬರೆದ್ರೆ ಸಾಸಲಿಗೆ ಮಳೆ ಆಯ್ತು ಅಂದ್ಕೋತಾರೆ ತಾಯಿ. ನಾವು ಒಣಗಿದ್ದು ಯಾರಿಗೂ ಗೊತ್ತಾಗಲ್ಲ," ಎಂದರು.

ನೀರನ್ನು ಹೊಂಗೆಮರದ ಬುಡಕ್ಕೆ ಸುರಿದು, ಆ ದಿನಕ್ಕೂ ಸೊನ್ನೆ ಬರೆದರು. ಆಮೇಲೆ ಹುಣಸೆಹಣ್ಣು ಕೈಗೆತ್ತಿಕೊಂಡವರು, ಕುಂಕುಮ ನೋಡಿ ಕೆಳಗಿಟ್ಟರು. ತಿಂಗಳ ಮೇಲೆ ಮಳೆ ಬಂದು ತೊಳೆಯುವವರೆಗೂ ಅದು ಅಲ್ಲೇ ಇತ್ತು.