ನಾಲ್ಕು ದಾರಿಯಲ್ಲಿ ಆರ್ಡಿಸ್ ಬೀಸಿದ ಕೈ

ನಮ್ಮ ಮಿನ್ನೆಸೋಟದವರಿಗೆ ಮರ್ಯಾದೆ ಅನ್ನುವುದು ಒಂದು ಕಾಯಿಲೆ. ನಾಲ್ಕು ರಸ್ತೆ ಕೂಡುವಲ್ಲಿ ಎರಡು ವಾಹನ ಒಟ್ಟಿಗೆ ಬಂದು ನಿಂತರೆ ಮುಗಿಯಿತು. ಇವರು "ನೀವು ಹೋಗಿ" ಎಂದು ಕೈಬೀಸುತ್ತಾರೆ, ಅವರು "ಇಲ್ಲ, ನೀವೇ" ಎಂದು ಬೀಸುತ್ತಾರೆ. ಹಿಂದೆ ನಿಂತವರು ಹಾರ್ನ್ ಕೂಡ ಹೊಡೆಯುವುದಿಲ್ಲ. ಜಿಲ್ಲಾ ಕೋರ್ಟಿನ ಬಾಗಿಲಲ್ಲಿ ಇಪ್ಪತ್ತಾರು ವರ್ಷ ಕಾವಲು ಕೂತ ನಾನು, ಈ ಕಾಯಿಲೆ ಕೋರ್ಟಿನ ಒಳಗೂ ಬಂದದ್ದನ್ನು ಕಣ್ಣಾರೆ ಕಂಡೆ.

ಆರ್ಡಿಸ್ ಟ್ವೈಟ್ ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು. ನನ್ನ ಮೂವರು ಮಕ್ಕಳನ್ನೂ ಹಿಮದಲ್ಲಿ ಮನೆ ಮುಟ್ಟಿಸಿದವಳು ಅವಳೇ. ಯಾವ ಮಗು ತಿಂಡಿ ತಿನ್ನದೆ ಬಂದಿದೆ ಎಂದು ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಸಾಕು, ಅವಳಿಗೆ ಗೊತ್ತಾಗುತ್ತಿತ್ತು. ಸೀಟಿನ ಕೆಳಗೆ ಬಿಸ್ಕತ್ತಿನ ಡಬ್ಬ ಇರುತ್ತಿತ್ತು. ಮದುವೆಯ ಮಾತು ತೆಗೆದರೆ, "ದಿನಾ ಅರವತ್ತು ಮಕ್ಕಳನ್ನ ಸುಧಾರಿಸ್ತೀನಲ್ಲಪ್ಪ, ಸಾಲ್ದಾ?" ಎನ್ನುತ್ತಿದ್ದಳು.

ಒಂದು ಭಾನುವಾರ ಅವಳು ತನ್ನ ಸಣ್ಣ ಕಾರಿನಲ್ಲಿ ಚರ್ಚಿಗೆ ಹೊರಟಿದ್ದಳು. ಧಾನ್ಯದ ಗೋದಾಮಿನ ಹತ್ತಿರದ ನಾಲ್ಕು ದಾರಿಯಲ್ಲಿ ಅವಳ ಎಡಗಡೆ ವೆಂಡೆಲ್ ಬಾಕೆನ್ ಪಿಕಪ್ ನಿಲ್ಲಿಸಿದ. ವೆಂಡೆಲ್ ಟರ್ಕಿ ಕೋಳಿ ಸಾಕುವವನು, ಮಾತಿನಲ್ಲಿ ಬಹಳ ಜಿಪುಣ. ಇಬ್ಬರೂ ಕೈಬೀಸಿದರು, ಇಬ್ಬರೂ ಕಾದರು, ಆಮೇಲೆ ಇಬ್ಬರೂ ಒಟ್ಟಿಗೇ ಹೊರಟರು. ನಮ್ಮಲ್ಲಿ ಕಾರು ಓಡಿಸುವವರು ಕೂರುವುದು ಎಡಗಡೆ; ಪಿಕಪ್ ಬಂದು ಅವಳ ಬಾಗಿಲಿಗೇ ಗುದ್ದಿತು.

ಎಡಭುಜ ಪುಡಿಯಾಯಿತು. ಕೈ ಎದೆಯ ಮಟ್ಟಕ್ಕಿಂತ ಮೇಲೇಳದಾಯಿತು. ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆ ಆಗದಿದ್ದರೆ ಬಸ್ಸು ಓಡಿಸುವ ಮಾತೇ ಇಲ್ಲ ಎಂದರು ಡಾಕ್ಟರು. ಅದಕ್ಕೆ ದುಡ್ಡು ಬರಬೇಕಾದರೆ ವೆಂಡೆಲ್ ಮೇಲೆ ದಾವೆ ಹೂಡಲೇಬೇಕಿತ್ತು. ನಮ್ಮ ಕಾನೂನಿನಲ್ಲಿ ತಪ್ಪನ್ನು ನೂರು ಪಾಲು ಮಾಡಿ ಇಬ್ಬರಿಗೂ ಹಂಚುತ್ತಾರೆ. ಪರಿಹಾರ ಕೇಳುವವರ ಪಾಲು ಎದುರಿನವರದಕ್ಕಿಂತ ಒಂದೇ ಒಂದು ಹೆಚ್ಚಾದರೂ ಬರಿಗೈಯಲ್ಲಿ ಮನೆಗೆ ಹೋಗಬೇಕು.

ಒಟ್ಟಿಗೆ ಬಂದು ನಿಂತರೆ ಬಲಗಡೆಯವರು ಮೊದಲು ಎಂಬುದು ನಿಯಮ. ಬಲಗಡೆ ಇದ್ದವಳು ಆರ್ಡಿಸ್, ಮೊದಲು ಹೋಗುವ ಹಕ್ಕು ಅವಳದು. ಒಂದು ಸಲ ಕೈಬೀಸಿದ್ದೆ ಎಂದು ಮೊದಲ ಹೇಳಿಕೆಯಲ್ಲೇ ಒಪ್ಪಿಕೊಂಡಿದ್ದಳು. ವಿಚಾರಣೆಯ ದಿನ ಅವಳ ವಕೀಲ ಬಾಗಿಲಲ್ಲಿ, "ಜಾಸ್ತಿ ಮಾತಾಡೋಕೆ ಹೋಗ್ಬೇಡಿ" ಎಂದದ್ದು ನನ್ನ ಕಿವಿಗೂ ಬಿತ್ತು.

ವೆಂಡೆಲ್‌ನ ವಿಮೆ ಕಂಪನಿಯ ವಕೀಲ ಎದ್ದು, ಸಾಕ್ಷಿಯ ಕುರ್ಚಿಯಲ್ಲಿ ಕೂತಿದ್ದ ಅವಳನ್ನು ಕೇಳಿದ: "ಕೈಬೀಸಿದ್ದು ಒಂದೇ ಸಲಾನಾ, ಮೇಡಂ?"

"ಇಲ್ಲ ಸಾರ್, ಎರಡು ಸಲ. ಅವ್ನು ಕದಲ್ಲಿಲ್ಲ. ಚರ್ಚಲ್ಲಿ ಕಾಫಿ ಮಾಡೋ ಸರದಿ ನಂದು, ಹೊತ್ತಾಗಿತ್ತು. ಅವನಿಗೆ ಹೋಗು ಅಂದು ನಾನೇ ನುಗ್ಗಿಬಿಟ್ಟೆ."

ಅವಳ ವಕೀಲ ತಲೆ ತಗ್ಗಿಸಿದ. ಆ ಕುರ್ಚಿಯಲ್ಲಿ ಕೂತು ನೀರು ಕುಡಿದಂತೆ ಸುಳ್ಳು ಹೇಳಿದವರನ್ನು ಎಷ್ಟೋ ನೋಡಿದ್ದೇನೆ. ತನ್ನ ಬಸ್ಸು ಕೈತಪ್ಪುತ್ತದೆ ಎಂದು ಗೊತ್ತಿದ್ದೂ ಹೀಗೆ ನಿಜ ಹೇಳಿದವರನ್ನು ನೋಡಿರಲಿಲ್ಲ.

ಆಮೇಲೆ ವೆಂಡೆಲ್‌ನ ಸರದಿ. ಅವನ ವಕೀಲನ ಮುಖ ಅರಳಿತ್ತು. "ಆಕೆ ಎರಡು ಸಲ ಹೋಗು ಅಂದ್ರು, ನೀವು ಹೋದ್ರಿ. ಅಷ್ಟೇ ಅಲ್ವಾ?"

ವೆಂಡೆಲ್ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಅಲ್ಲ. ನಾನು ಮೂರು ಸಲ ಬೀಸಿದ್ದೆ. ಮೂರ್ನೇದು ಬೀಸ್ತಾ ಬೀಸ್ತಾನೇ ಬ್ರೇಕ್ ಬಿಟ್ಟೆ. ಆಕೆ ಹೊರಟಿದ್ದು ಕಾಣ್ತು. ನಿಲ್ಲಿಸ್ಬೋದಿತ್ತು, ನಿಲ್ಲಿಸ್ಲಿಲ್ಲ."

"ಇದನ್ನ ಮುಂಚೆ ಹೇಳ್ಲೇ ಇಲ್ವಲ್ರೀ?"

"ಆಕೆನೂ ಮುಂಚೆ ಹೇಳಿರ್ಲಿಲ್ಲ."

ಆರ್ಡಿಸ್ ಕೂತಲ್ಲಿಂದಲೇ, "ಸುಮ್ನಿರೋ ವೆಂಡೆಲ್, ತಪ್ಪು ನಂದೇ ಜಾಸ್ತಿ" ಎಂದಳು.

"ಏ, ನಂದು ಕಣಮ್ಮ."

ನ್ಯಾಯಾಧೀಶರು ಇಬ್ಬರನ್ನೂ ಗದರಿಸಿ ಸುಮ್ಮನಾಗಿಸಬೇಕಾಯಿತು. ನನಗೆ ನಗು ಬಂತು. ಎಂಥ ಜನ ಇವರು ಎಂದು ಇಬ್ಬರನ್ನೂ ನೋಡುತ್ತ ಕೂತುಬಿಟ್ಟೆ.

ತಪ್ಪಿನ ಪಾಲು ಹಂಚಲು ಒಳಗೆ ಕೂತಿದ್ದ ಜ್ಯೂರಿಯ ಪಂಚರು ಸಂಜೆಯ ಹೊತ್ತಿಗೆ ಹೊರಬಂದರು. ಅವಳಿಗೆ ಐವತ್ತು, ಅವನಿಗೆ ಐವತ್ತು. ಸಮಸಮ ಎಂದರೆ ಹೆಚ್ಚಲ್ಲವಲ್ಲ, ಅರ್ಧ ಪರಿಹಾರ ಬಂತು. ಶಸ್ತ್ರಚಿಕಿತ್ಸೆಗೆ ಅಷ್ಟು ಸಾಕಾಯಿತು. ಮುಂದಿನದು ಭುಜಕ್ಕೆ ಬಿಟ್ಟದ್ದು.

ಮರುವರ್ಷ ಏಪ್ರಿಲ್‌ನ ಒಂದು ಬೆಳಿಗ್ಗೆ ಅದೇ ನಾಲ್ಕು ದಾರಿಯಲ್ಲಿ ನಾನು ಕಾರು ನಿಲ್ಲಿಸಿದ್ದೆ. ಪಕ್ಕದ ರಸ್ತೆಯಲ್ಲಿ ಹಳದಿ ಬಸ್ಸು ಬಂದು ನಿಂತಿತು. ಗಾಜಿನ ಹಿಂದೆ ಆರ್ಡಿಸ್. ಅವಳ ಎಡಗೈ ಮೆಲ್ಲಗೆ ಎದ್ದಿತು. ಎದೆ ದಾಟಿತು, ಭುಜ ದಾಟಿತು, ತಲೆಯ ಮೇಲಕ್ಕೆ ಹೋಗಿ "ನೀನು ಹೋಗಪ್ಪ" ಎಂದು ಬೀಸಿತು. ನಾನು ಕಣ್ಣೊರೆಸಿಕೊಂಡು, ಜೀವಮಾನದಲ್ಲಿ ಮೊದಲ ಸಲ, ತಿರುಗಿ ಕೈಬೀಸದೆ ನಾನೇ ಮೊದಲು ಹೋದೆ.