ಬಟ್ಟೆ ಹಗ್ಗದ ಪಕ್ಕದ ಟೊಮೆಟೊ

ಟೊಮೆಟೊ ಎಲೆ ಸವರಿದ ಕೈಯಲ್ಲಿ ಒಂದು ಹಸಿ ಘಾಟು ಉಳಿಯುತ್ತದೆ. ಸೋಪು ಹಚ್ಚಿ ತೊಳೆದರೂ ಬೇಗ ಬಿಡುವುದಿಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೀತು. ನನಗಂತೂ ಅದು ಮೂಗಿಗೆ ಬಂದರೆ ಸಾಕು, ಹೊನ್ನಾಳಿಯ ನಮ್ಮ ಹಳೇ ಮನೆಯ ಹಿತ್ತಲು, ಅದರ ಸುತ್ತಲಿನ ಎತ್ತರದ ಮಣ್ಣಿನ ಗೋಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಅವ್ವ, ಎಲ್ಲ ಕಣ್ಣ ಮುಂದೆ ಬರುತ್ತವೆ. ಎಪ್ಪತ್ತರ ದಶಕದ ಕೊನೆ ಇರಬೇಕು. ನಲ್ಲೂರಿನ ತವರಿಂದ ಬೀಜ ತಂದು ಅವ್ವ ಒಂದು ಸಾಲು ಟೊಮೆಟೊ ಹಾಕಿದ್ದಳು. ಆ ಮನೆಯಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಆ ಮೂಲೆಯೊಂದೇ. ಗಿಡ ಸೊಂಪಾಗಿ ಬೆಳೆದವು, ಹಳದಿ ಹೂ ಬಿಟ್ಟವು. ಹೂವೆಲ್ಲ ತೊಟ್ಟು ಸಮೇತ ಉದುರಿದವು. ಅಪ್ಪನ ತಾಯಿ, ನಮ್ಮಜ್ಜಿ, "ಕಣ್ಣು ಬಿದ್ದೈತೆ" ಎಂದು ಹಳೇ ಸೀರೆಯೊಂದನ್ನು ಸಾಲಿನ ಸುತ್ತ ಮರೆ ಕಟ್ಟಿಸಿದಳು. ಬರುತ್ತಿದ್ದ ಚೂರುಪಾರು ಗಾಳಿಯೂ ನಿಂತಿತು, ದುಂಬಿಯೂ ನಿಂತಿತು. ಹೂ ಇನ್ನೂ ಹೆಚ್ಚು ಉದುರಿದವು.

"ಗಿರಿಜಾ, ಅಮಾಸೆ ಕಳೀಲಿ, ಕಿತ್ತಾಕ್ತೀನಿ. ಸೌದೆ ಒಟ್ಟಾಕೆ ಜಾಗ ಬೇಕು ನಂಗೆ."

"ಕಾಯಿ ಬಿಟ್ರೆ ಸಾರಿಗೆ ಮೊದ್ಲು ನೀವೇ ಕೇಳ್ತೀರಿ, ಅತ್ತೆ."

"ನಿನ್ ಟಮಾಟೆ ನಂಬ್ಕಂಡ್ರೆ ಸಾರಲ್ಲ, ಬರೀ ನೀರು ಕುಡೀಬೇಕು!"

ಸಾಲಿನ ಕೊನೆಯ ಗಿಡವೊಂದು ಮಾತ್ರ ಮರೆಯ ಹೊರಗಿತ್ತು. ಅದರ ಆಸರೆಯ ಗೂಟಕ್ಕೇ ಬಟ್ಟೆ ಒಣಹಾಕುವ ಹಗ್ಗ ಬಿಗಿದಿದ್ದರು. ಒದ್ದೆ ಬಟ್ಟೆ ಹಾಕುವಾಗ, ಒಣಗಿದ್ದು ಎಳೆಯುವಾಗ ಆ ಗಿಡ ಗಡಗಡ ನಡುಗುತ್ತಿತ್ತು. ಅದರಲ್ಲಿ ಮಾತ್ರ ಹೆಸರುಕಾಳಿನಷ್ಟು ಕಾಯಿ ಕಚ್ಚಿದ್ದನ್ನು ಅವ್ವ ಕಂಡಳು. ಸೀರೆ ಕಿತ್ತೆಸೆದಳು. ಮರುದಿನದಿಂದ, ಇಬ್ಬನಿ ಆರಿ ಬಿಸಿಲೇರಿದ ಮೇಲೆ, ಒಂದೊಂದು ಹೂಗೊಂಚಲಿನ ಹಿಂದೆಯೂ ಬೆರಳಿಂದ ಟಕಟಕ ತಟ್ಟತೊಡಗಿದಳು. ಅಲುಗಾಟಕ್ಕೆ ಹೂವೊಳಗಿನ ಪರಾಗ ಉದುರಿದರೇ ಕಾಯಿ ಕಚ್ಚುವುದು; ಆ ಹಳದಿ ಪುಡಿ ಉಗುರಿಗೂ ಅಂಟುತ್ತಿತ್ತು. "ಗಿಡ ಕುಣಿಸ್ತಾಳೆ ನೋಡ್ರೀ, ಈಗ ಇವಳಿಗೇ ದೃಷ್ಟಿ ತೆಗೀಬೇಕು" ಎಂದು ಅಜ್ಜಿ ಪಕ್ಕದ ಮನೆಗೆ ಕೇಳುವಂತೆ ನಕ್ಕಳು. ಅವ್ವ ಬಿಡಲಿಲ್ಲ.

ಅಮಾವಾಸ್ಯೆಯ ಮರುದಿನ ಅಜ್ಜಿ ಮಚ್ಚು ಹಿಡಿದು ಬಂದೇಬಿಟ್ಟಳು. ಬಗ್ಗಿ ಎಲೆ ಸರಿಸಿದರೆ ಗೊಂಚಲು ಗೊಂಚಲು ಹಸಿರು ಕಾಯಿ. ಒಂದು ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿದಳು. ಆಮೇಲೆ ತನ್ನ ಸೌದೆಯಲ್ಲೇ ಒಂದು ಕೋಲೆಳೆದು, ತುದಿ ಚೂಪು ಮಾಡಿ ಅವ್ವನ ಕೈಗಿಟ್ಟಳು. "ಭಾರಕ್ಕೆ ಮುರಿದೀತು. ಕಟ್ಟು."

ಅಜ್ಜಿ ಹೋದಳು, ಅವ್ವ ಹೋದಳು, ಆ ಹಿತ್ತಲ ಮೇಲೆ ಈಗ ಯಾರದೋ ಅಂಗಡಿಗಳು. ನಾನು ಬೇಗ ಶಾಲೆ ಬಿಟ್ಟವನು, ಗಾರೆ ಕೆಲಸ ಮಾಡಿ ನನ್ನ ಮನೆಯನ್ನು ನಾನೇ ಕಟ್ಟಿಕೊಂಡವನು. ಅದರ ಹಿಂದೆ ಟೊಮೆಟೊ ಸಾಲು ಹಾಕದ ವರ್ಷವಿಲ್ಲ. ನಡುವಿನ ಗೂಟಕ್ಕೇ ಬಟ್ಟೆ ಹಗ್ಗ. ಹೆಂಡತಿ ಬಟ್ಟೆ ಹಾಕಿದಾಗ ಗಿಡ ಹೇಗೂ ನಡುಗುತ್ತದೆ. ಆದರೂ ಬಿಸಿಲೇರಿದ ಮೇಲೆ ನಾನೊಮ್ಮೆ ಹೋಗಿ ಬೆರಳಿಂದ ತಟ್ಟಿ ಬರುತ್ತೇನೆ. ಕೈ ತೊಳೆಯುವುದು ಊಟಕ್ಕೆ ಕೂರುವಾಗಲೇ.